ಮೂರು ಬೀಕರ್ ನೀರು

ನನಗೆ ಹೊಟ್ಟೆಕಿಚ್ಚು ಬಲು ಬೇಗ ಹತ್ತಿಕೊಳ್ಳುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಜಯನಗರದ ಕಾಲೇಜೊಂದರಲ್ಲಿ ಎಷ್ಟೋ ವರ್ಷ ಜೀವರಸಾಯನ ವಿಜ್ಞಾನ ಪಾಠ ಮಾಡಿ ನಿವೃತ್ತಳಾದ ದಿನ ನನ್ನನ್ನು ವೇದಿಕೆ ಮೇಲೆ ಕೂರಿಸಿ, ‘ವಿದ್ಯಾರ್ಥಿಗಳ ಏಳಿಗೆಯೇ ತಮ್ಮ ಏಳಿಗೆ ಎಂದು ತಿಳಿದವರು’ ಅಂತ ಹೊಗಳಿದರು. ನಾನು ಶಾಲು ಹೊದಿಸಿಕೊಂಡು, ಹಣ್ಣಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡು, ಸುಮ್ಮನೆ ನಗುತ್ತಾ ಕೂತಿದ್ದೆ. ಒಬ್ಬಳ ಏಳಿಗೆಯನ್ನು ನಾನೇ ಕೈಯಾರೆ ತಡೆದವಳು ಅನ್ನುವುದು ಆ ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾನು ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದ ಶುರುವಿನಲ್ಲಿ. ನನ್ನ ಜೊತೆಗೇ ಎಂ.ಎಸ್ಸಿ. ಮುಗಿಸಿದ ಗೆಳತಿಯೊಬ್ಬಳು ಊರಿನ ಉತ್ತರದ ಕಡೆಯ ಒಂದು ದೊಡ್ಡ ಸಂಶೋಧನಾ ಸಂಸ್ಥೆ ಸೇರಿದ್ದಳು. ಓದುವಾಗ ನನಗೇ ಒಂದೆರಡು ಅಂಕ ಹೆಚ್ಚು ಬರುತ್ತಿತ್ತು. ಆದರೂ ಅವಳು ಅಲ್ಲಿಗೆ ಹೋದಳು, ನಾನು ಮದುವೆಯಾಗಿ ಬನಶಂಕರಿಗೆ ಬಂದು, ಮನೆಗೆ ಹತ್ತಿರ ಅಂತ ಈ ಕಾಲೇಜು ಹಿಡಿದೆ. ಯಾರೂ ಬಲವಂತ ಮಾಡಿರಲಿಲ್ಲ. ಬಲವಂತ ಮಾಡಿದ್ದರೆ ಅವರ ಮೇಲಾದರೂ ಸಿಟ್ಟು ಮಾಡಿಕೊಳ್ಳಬಹುದಿತ್ತು. ಗೆಳತಿ ಯುಗಾದಿಗೋ ಗೌರಿಹಬ್ಬಕ್ಕೋ ಮನೆಗೆ ಬಂದರೆ ಅವಳ ಲ್ಯಾಬು, ಅವಳ ಮೈಕ್ರೋಸ್ಕೋಪು, ಅವಳ ಜರ್ಮನಿ ಪ್ರಯಾಣ, ಇಷ್ಟೇ ಮಾತು. ನಾನು ಅವಳಿಗೆ ಒಬ್ಬಟ್ಟು ಬಡಿಸಿ ತುಪ್ಪ ಹಾಕುವುದನ್ನು ಮರೆಯುತ್ತಿದ್ದೆ. ಬೇಕೆಂದೇ ಮರೆಯುತ್ತಿದ್ದೆ.

ಒಂದು ಸಲ ಅವಳು ನಮ್ಮ ಮನೆಯಲ್ಲಿ ಒಂದು ಪತ್ರಿಕೆ ಬಿಟ್ಟುಹೋದಳು. ಅದರಲ್ಲಿ ಬಯೋಫಿಲ್ಮ್ ಬಗ್ಗೆ ಲೇಖನವಿತ್ತು. ಬ್ಯಾಕ್ಟೀರಿಯಾಗಳು ನೀರಿನಲ್ಲಿ ಒಂದೊಂದಾಗಿ ಈಜಿಕೊಂಡಿರುವುದಕ್ಕಿಂತ, ಎಲ್ಲಾದರೂ ಅಂಟಿಕೊಂಡು, ಸುತ್ತ ಒಂದು ಲೋಳೆ ಹೊದ್ದುಕೊಂಡು, ಒಟ್ಟಾಗಿ ಸಂಸಾರ ಹೂಡುವುದೇ ಹೆಚ್ಚು ಎಂದು ಅದರಲ್ಲಿ ಬರೆದಿತ್ತು. ಬಚ್ಚಲ ಮೂಲೆಯಲ್ಲಿ ಕಾಲು ಜಾರಿಸುವುದು ಅದೇ. ನೀರಿನ ಡ್ರಮ್ಮಿನ ಒಳಗೆ ಕೈಯಾಡಿಸಿದರೆ ನುಣುಪಾಗಿ ಸಿಗುವುದೂ ಅದೇ. ಓದಿ ಮುಗಿಸುವಷ್ಟರಲ್ಲಿ ನನ್ನ ತಲೆಗೆ ಒಂದು ವಿಷಯ ಹೊಳೆದಿತ್ತು. ಇದಕ್ಕೆ ಜರ್ಮನಿ ಬೇಡ. ಟೆಸ್ಟ್ ಟ್ಯೂಬು, ಒಂದು ಇನ್‌ಕ್ಯುಬೇಟರು, ಒಂದು ಬಾಟಲಿ ನೇರಳೆ ಬಣ್ಣ ಇದ್ದರೆ ಸಾಕು. ಅವಳು ಮಾಡುವುದನ್ನು ನಾನೂ ಮಾಡಿ ತೋರಿಸುತ್ತೇನೆ, ಅದೂ ಡಿಗ್ರಿ ಹುಡುಗರನ್ನು ಕಟ್ಟಿಕೊಂಡು, ಅಂದುಕೊಂಡೆ. ನನ್ನ ಸಂಶೋಧನೆ ಹುಟ್ಟಿದ್ದು ಹೀಗೆ, ಜ್ಞಾನದಾಹದಿಂದ ಅಲ್ಲ.

ಶನಿವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ ಬಿ.ಎಸ್ಸಿ. ಕೊನೆಯ ವರ್ಷದ ಆರೇಳು ಜನ ಉಳಿದುಕೊಳ್ಳುತ್ತಿದ್ದರು. ಕೆಲಸ ಸುಲಭ. ಬ್ಯಾಕ್ಟೀರಿಯಾಗೆ ಆಹಾರವಾಗುವ ಸಾರನ್ನು ಟ್ಯೂಬಿಗೆ ಹಾಕಿ, ಅದರಲ್ಲಿ ಬ್ಯಾಕ್ಟೀರಿಯಾ ಬಿಟ್ಟು, ಎರಡು ದಿನ ಬೆಚ್ಚಗೆ ಇಡುವುದು. ಆಮೇಲೆ ಸಾರನ್ನು ಚೆಲ್ಲಿ, ತೊಳೆದು, ನೇರಳೆ ಬಣ್ಣ ಹಾಕಿ, ಮತ್ತೆ ತೊಳೆಯುವುದು. ಫಿಲ್ಮ್ ಕಟ್ಟಿದ್ದರೆ ಬಣ್ಣ ಅದಕ್ಕೆ ಹಿಡಿದುಕೊಂಡು ಟ್ಯೂಬಿನ ಒಳಗೆ ನೇರಳೆ ಬಳೆಯೊಂದು ಉಳಿಯುತ್ತದೆ. ಕಟ್ಟದಿದ್ದರೆ ಬರೀ ಗಾಜು.

ಎರಡು ವರ್ಷ ನಮಗೆ ಬರೀ ಗಾಜು ಸಿಕ್ಕಿತು.

ಲಾಲ್‌ಬಾಗಿನ ಕೆರೆ ನೀರು ತಂದೆವು, ಮಡಿವಾಳ ಕೆರೆ ನೀರು ತಂದೆವು, ಸಿದ್ದಾಪುರದ ನರ್ಸರಿಯೊಂದರ ತೊಟ್ಟಿಯಿಂದ ಪಾಚಿ ಕೆರೆದು ತಂದೆವು. ಟ್ಯೂಬಿನಲ್ಲಿ ಸಾರು ಮಜ್ಜಿಗೆಯ ಹಾಗೆ ಕದಡುತ್ತಿತ್ತು. ಬೆಳೆದಿದ್ದವು, ಸಂಶಯವಿಲ್ಲ. ಆದರೆ ತೊಳೆದು ಬಣ್ಣ ಹಾಕಿ ತೊಳೆದರೆ ಏನೂ ಇಲ್ಲ. ನನ್ನ ತೊಳೆಯುವಿಕೆಯಲ್ಲಿ ತಪ್ಪು ಹುಡುಕುವ ಧೈರ್ಯ ಯಾರಿಗೂ ಇರಲಿಲ್ಲ. ನಮ್ಮ ಕಾಲದ ಜೀವರಸಾಯನದವರಿಗೆ ಗಾಜು ತೊಳೆಯುವುದು ಒಂದು ವ್ರತ. ಟ್ಯೂಬಿನಲ್ಲಿ ಒಂದು ಕಣ ಉಳಿದರೂ ಲೆಕ್ಕ ತಪ್ಪುತ್ತದೆ ಎಂದು ನನ್ನ ಮೇಷ್ಟರು ಕಲಿಸಿದ್ದರು, ನಾನು ನನ್ನ ಮಕ್ಕಳಿಗೆ ಕಲಿಸಿದ್ದೆ. ನಲ್ಲಿ ಪೂರ್ತಿ ತಿರುಗಿಸಿ, ಧಾರೆಯ ಕೆಳಗೆ ಟ್ಯೂಬನ್ನು ಓರೆ ಹಿಡಿದು, ಒಳಗೋಡೆಯೆಲ್ಲ ಸುತ್ತುವ ಹಾಗೆ ತಿರುಗಿಸಬೇಕು. ತೊಳೆಯುವ ರೀತಿ ನೋಡಿಯೇ ನಾನು ಹುಡುಗರನ್ನು ಅಳೆಯುತ್ತಿದ್ದೆ.

ಆ ಹುಡುಗಿ ಬಂದದ್ದು ಮೂರನೆಯ ವರ್ಷ. ಎರಡು ಸಾವಿರದ ಇಸವಿ ದಾಟಿತ್ತು. ಬಾಗಲಕೋಟೆ ಕಡೆಯವಳು. ಅಪ್ಪನಿಗೆ ಇಲ್ಲಿನ ಒಂದು ಆಫೀಸಿನಲ್ಲಿ ಗುಮಾಸ್ತೆ ಕೆಲಸ ಸಿಕ್ಕಿ, ಮನೆಮಂದಿಯೆಲ್ಲ ಬಿಟಿಎಂ ಲೇಔಟಿನಲ್ಲಿ ಬಾಡಿಗೆಗೆ ಬಂದಿದ್ದರು. ಹಣೆಯಲ್ಲಿ ಸಣ್ಣಗೆ ವಿಭೂತಿ, ಎಣ್ಣೆ ಹಚ್ಚಿ ಬಿಗಿದ ಜಡೆ. ತರಗತಿಯಲ್ಲಿ ಮಾತೇ ಆಡದವಳು. ಅವಳ ಮಾತಿಗೆ ಉಳಿದವರು ನಗುತ್ತಿದ್ದರು, ಅದಕ್ಕೇ ಇರಬೇಕು.

ವರ್ಷ ಮುಗಿಯುತ್ತಾ ಬಂದಾಗ ನಮ್ಮ ಶನಿವಾರದ ಗುಂಪಿಗೆ ಸೇರಿ, ಮೊದಲ ದಿನವೇ ಒಂದು ಔಷಧಿ ಶೀಷೆಯಲ್ಲಿ ಏನೋ ತಂದಿದ್ದಳು.

“ಏನಮ್ಮಾ ಅದು?”

“ನಮ್ಮ ನೀರಿನ ಡ್ರಮ್ಮಿನ ಲೋಳಿ ರೀ ಮೇಡಂ. ಎಷ್ಟ್ ತಿಕ್ಕಿದ್ರೂ ನಾಕ್ ದಿನಕ್ಕ ಮತ್ತ ಬರ್ತೈತಿ. ಅವ್ವ ದಿನಾ ಅದಕ್ಕ ಬೈತಾಳ್ರಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಸರಿ, ಹಾಕು ಅಂದೆ.

ಮುಂದಿನ ವಾರ ನಾನು ಬರುವುದು ತಡವಾಯಿತು. ಲ್ಯಾಬಿಗೆ ಕಾಲಿಟ್ಟರೆ ಎಲ್ಲರೂ ಅವಳ ಮೇಜಿನ ಸುತ್ತ ನಿಂತಿದ್ದರು.

“ಮೇಡಂ, ಬನ್ನಿ ಬನ್ನಿ, ಸಖತ್ತಾಗಿ ಬಂದಿದೆ!” ಅಂತ ಒಬ್ಬ ಕೂಗಿದ.

ಆರು ಟ್ಯೂಬುಗಳು. ಆರರಲ್ಲೂ ಕಡು ನೇರಳೆ ಬಳೆ. ಪುಸ್ತಕದ ಚಿತ್ರದಲ್ಲಿರುವುದಕ್ಕಿಂತ ಚೆನ್ನಾಗಿತ್ತು.

ಆ ಕ್ಷಣ ನನಗೇನಾಯಿತು ಅಂತ ಪ್ರಾಮಾಣಿಕವಾಗಿ ಹೇಳುತ್ತೇನೆ. ಸಂತೋಷವಾಗಲಿಲ್ಲ. ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು. ಎರಡು ವರ್ಷ ನನ್ನ ಕೈಗೆ ಬಾರದ್ದು ಇವಳ ಕೈಗೆ ಒಂದು ವಾರದಲ್ಲಿ ಬಂದಿತ್ತು. ಅವಳಾದರೂ ಹಿಗ್ಗಿ ಕುಣಿದಿದ್ದರೆ ಬೈಯಬಹುದಿತ್ತು. ಅವಳು ಟ್ಯೂಬುಗಳನ್ನು ಸ್ಟ್ಯಾಂಡಿನಲ್ಲಿ ಸಾಲಾಗಿಟ್ಟು, ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು, ಅಷ್ಟೆ.

“ಹೇಗೆ ತೊಳೆದೆ? ತೋರಿಸು,” ಅಂದೆ.

ತೋರಿಸಿದಳು. ಮೂರು ಬೀಕರಿನಲ್ಲಿ ನೀರು ಇಟ್ಟುಕೊಂಡಿದ್ದಳು. ಟ್ಯೂಬನ್ನು ಮೊದಲನೆಯದರಲ್ಲಿ ಮೆಲ್ಲಗೆ ಮುಳುಗಿಸಿ ಎತ್ತಿದಳು, ಆಮೇಲೆ ಎರಡನೆಯದರಲ್ಲಿ, ಆಮೇಲೆ ಮೂರನೆಯದರಲ್ಲಿ. ನಲ್ಲಿಯ ಹತ್ತಿರ ಹೋಗಲೇ ಇಲ್ಲ. ಆರು ಟ್ಯೂಬಿಗೂ ಅದೇ ಮೂರು ಬೀಕರು.

“ಇದೇನು, ನಲ್ಲಿ ಇಲ್ವಾ?”

“ನಮ್ಮ ಮನ್ಯಾಗ ಭಾಂಡೆ ಹಿಂಗs ತೊಳಿತೀವ್ರಿ ಮೇಡಂ. ಟ್ಯಾಂಕರ್ ವಾರಕ್ಕ ಎರಡು ಸಲ ಅಷ್ಟs ಬರ್ತೈತಿ. ನಲ್ಲಿ ಬಿಟ್ಟು ತೊಳಿಯಾಕ ನನಗ ಮನಸs ಬರೂದಿಲ್ಲ.”

ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಸಿಕ್ಕಿತು ತಪ್ಪು! ಎಲ್ಲರನ್ನೂ ಸಿಂಕಿನ ಹತ್ತಿರ ಕರೆದೆ. ನಲ್ಲಿ ಪೂರ್ತಿ ತಿರುಗಿಸಿದೆ. ನಮ್ಮ ಕಾಲೇಜಿನ ತೊಟ್ಟಿ ಮೂರನೆಯ ಮಹಡಿಯ ಮೇಲಿತ್ತು, ನೀರು ಭೋರೆಂದು ಬರುತ್ತಿತ್ತು. ಅವಳ ಟ್ಯೂಬುಗಳನ್ನು ಒಂದೊಂದಾಗಿ ಧಾರೆಗೆ ಹಿಡಿದು ತಿರುಗಿಸಿದೆ. ನೇರಳೆ ಬಣ್ಣ ಎಳೆಎಳೆಯಾಗಿ ಬಿಟ್ಟುಕೊಂಡು ಸಿಂಕಿಗೆ ಹರಿಯಿತು. ಆರು ಟ್ಯೂಬೂ ಬರೀ ಗಾಜಾದವು.

“ನೋಡಿದ್ರಾ? ಇದು ಫಿಲ್ಮ್ ಅಲ್ಲ, ಸರಿಯಾಗಿ ತೊಳೀದೆ ಉಳಿದ ಬಣ್ಣ. ನೀರು ಉಳಿಸೋಕೆ ಹೋಗಿ ಸೈನ್ಸ್ ಕಳ್ಕೊಂಡ್ರೆ ಆಗಲ್ಲ,” ಅಂದೆ.

ಹುಡುಗರು ನಕ್ಕರು. ಅವಳ ಮುಖ ಕಿವಿಯವರೆಗೂ ಕೆಂಪಾಯಿತು.

“ಹೌದ್ರಿ ಮೇಡಂ. ನಂದs ತಪ್ಪಿರಬೇಕು,” ಅಂದಳು.

ಈಗ ಆ ವಾರದ ಇನ್ನೊಂದು ವಿಷಯ ಹೇಳಬೇಕು. ನನ್ನ ಗೆಳತಿಯ ಸಂಸ್ಥೆಯಿಂದ ನಮ್ಮ ಕಾಲೇಜಿಗೆ ಪತ್ರ ಬಂದಿತ್ತು. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಅವರ ಲ್ಯಾಬಿನಲ್ಲಿ ಕೆಲಸ ಕಲಿಯಲು ಒಬ್ಬ ವಿದ್ಯಾರ್ಥಿಯನ್ನು ಕಳಿಸಬಹುದು. ಕಾಲೇಜಿಗೆ ಒಂದೇ ಜಾಗ. ಶಿಫಾರಸು ನನ್ನದು. ಅಲ್ಲಿ ಒಳ್ಳೆಯ ಹೆಸರು ತೆಗೆದುಕೊಂಡವರಿಗೆ ಮುಂದೆ ಅಲ್ಲೇ ಓದುವ ದಾರಿ ತೆರೆಯುತ್ತಿತ್ತು. ಆ ಹುಡುಗಿಗೆ ಅದರ ಆಸೆ ಇತ್ತು. ಪತ್ರ ನೋಟೀಸ್ ಬೋರ್ಡಿಗೆ ಹಾಕಿದ ದಿನ, ಓಡಾಡುವವರ ನಡುವೆ ನಿಂತು ಅದನ್ನು ತನ್ನ ನೋಟ್‌ಬುಕ್ಕಿಗೆ ಪೂರ್ತಿ ಬರೆದುಕೊಳ್ಳುತ್ತಿದ್ದುದನ್ನು ನಾನೇ ಕಂಡಿದ್ದೆ. ಹೆಸರು ಕಳಿಸಲು ಮುಂದಿನ ಶುಕ್ರವಾರ ಕೊನೆಯ ದಿನ.

ಅವಳ ತಪ್ಪು ಸಾಬೀತಾದ ಮೇಲೆ ನನ್ನ ಕೆಲಸ ಸಲೀಸಾಯಿತು. ಜಯನಗರದವನೇ ಆದ ಒಬ್ಬ ವಿದ್ಯಾರ್ಥಿಯ ಹೆಸರು ಬರೆದೆ. ಅಕ್ಷರ ಮುತ್ತಿನಂಥವು, ಟ್ಯೂಬು ತೊಳೆದರೆ ಫಳಫಳ. ಅವನು ತನ್ನಷ್ಟಕ್ಕೆ ಒಂದು ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ. ಪತ್ರವನ್ನು ಗುರುವಾರ ಸಂಜೆ ಆಫೀಸಿಗೆ ಕೊಟ್ಟೆ. ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಅಟೆಂಡರ್ ಅದನ್ನು ತಾನೇ ಹೋಗಿ ಕೊಟ್ಟುಬರುವುದೆಂದು ಆಯಿತು.

ಶುಕ್ರವಾರ ಬೆಳಿಗ್ಗೆ ಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದೆ. ಅಕ್ಕಿಯನ್ನು ಯಾರೂ ನಲ್ಲಿಯ ಧಾರೆಗೆ ಹಿಡಿಯುವುದಿಲ್ಲ, ಹಿಡಿದರೆ ಅಕ್ಕಿಯೇ ಹೋಗುತ್ತದೆ. ಕೈ ಹಾಗೇ ನಿಂತಿತು. ಅವಳ ಸ್ಟ್ಯಾಂಡಿನಲ್ಲಿ ಇನ್ನೂ ಎರಡು ಟ್ಯೂಬು ಇದ್ದವಲ್ಲ! ಬ್ಯಾಕ್ಟೀರಿಯಾ ಹಾಕದೆ, ಬರೀ ಸಾರು ಹಾಕಿ, ಹೋಲಿಕೆಗೆಂದು ಇಟ್ಟವು. ಅವನ್ನೂ ಅವಳು ಅದೇ ಮೂರು ಬೀಕರಿನಲ್ಲೇ ತೊಳೆದಿದ್ದಳು. ಅವು ಸ್ವಚ್ಛವಾಗಿದ್ದವು. ಅರೆಬರೆ ತೊಳೆದದ್ದರಿಂದ ಬಣ್ಣ ಉಳಿದಿದ್ದರೆ ಅವುಗಳಲ್ಲೂ ಉಳಿಯಬೇಕಿತ್ತು. ಮೊದಲ ವರ್ಷದವರಿಗೆ ನಾನೇ ಕಲಿಸುವ ಪಾಠ ಇದು. ಶನಿವಾರ ಅವು ನನ್ನ ಕಣ್ಣಿಗೆ ಬೀಳಲಿಲ್ಲವೇ ಅಂತ ಕೇಳಿದರೆ, ಬಿದ್ದಿದ್ದವು. ನೋಡುವ ಮನಸ್ಸಿರಲಿಲ್ಲ.

ಕುಕ್ಕರನ್ನು ಅತ್ತೆಯವರಿಗೆ ಒಪ್ಪಿಸಿ, ಎಂಟು ಗಂಟೆಗೆಲ್ಲ ಲ್ಯಾಬಿನಲ್ಲಿದ್ದೆ. ಯಾರೂ ಬಂದಿರಲಿಲ್ಲ. ಆ ಹುಡುಗಿ ಬುಧವಾರ ಮತ್ತೆ ನಾಲ್ಕು ಟ್ಯೂಬು ಹಾಕಿ ಇನ್‌ಕ್ಯುಬೇಟರಿನಲ್ಲಿಟ್ಟಿದ್ದಳು, ಮೇಲೆ ತಾರೀಖು ಬರೆದು. ಅವಮಾನವಾದ ಮೇಲೂ ಬಿಟ್ಟಿರಲಿಲ್ಲ. ಅವನ್ನು ತೆಗೆದುಕೊಂಡೆ. ಮೂರು ಬೀಕರಿಗೆ ನೀರು ತುಂಬಿದೆ. ಸಾರು ಚೆಲ್ಲಿ, ಮುಳುಗಿಸಿ, ಎತ್ತಿ, ಮುಳುಗಿಸಿ, ಎತ್ತಿ, ಬಣ್ಣ ಹಾಕಿ, ಕಾದು, ಮತ್ತೆ ಅದೇ ಮೂರು ಬೀಕರು. ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದೆ.

ಬಳೆ ಇತ್ತು. ನಾಲ್ಕರಲ್ಲೂ ಇತ್ತು. ಎರಡು ವರ್ಷ ನಮ್ಮ ಟ್ಯೂಬುಗಳಲ್ಲೂ ಇದ್ದಿರಬೇಕು. ನಾನೇ ಪ್ರತಿ ಶನಿವಾರ ಶ್ರದ್ಧೆಯಿಂದ ನಲ್ಲಿ ಬಿಟ್ಟು ತೊಳೆದು ಸಿಂಕಿಗೆ ಹರಿಸಿದ್ದೆ.

ಎಂಟೂ ಮುಕ್ಕಾಲಾಗಿತ್ತು. ಪತ್ರ ಕೆಳಗೆ ಆಫೀಸಿನ ಟ್ರೇಯಲ್ಲಿತ್ತು. ಇಳಿದು ಹೋಗಿ, ‘ಸ್ವಲ್ಪ ಕೊಡಿ, ಹೆಸರು ಬದಲಾಯಿಸಬೇಕು’ ಅಂದರೆ ಮುಗಿದಿತ್ತು. ಎರಡು ಮಹಡಿ ಮೆಟ್ಟಿಲು.

ನಾನು ಇಳಿಯಲಿಲ್ಲ. ಹುಡುಗರ ಎದುರು ಮಾನ ಹೋಗುತ್ತದೆ ಅನ್ನುವುದು ಒಂದು ಕಾರಣ, ಅದು ಸಣ್ಣದು. ದೊಡ್ಡದು ಬೇರೆ. ಈ ಹುಡುಗಿ ಅಲ್ಲಿಗೆ ಹೋಗುತ್ತಾಳೆ. ನನ್ನ ಗೆಳತಿ ಒಂದೇ ದಿನದಲ್ಲಿ ಇವಳ ಕೈ ನೋಡಿ ತಿಳಿದುಕೊಳ್ಳುತ್ತಾಳೆ. ‘ನಿಮ್ಮ ಕಾಲೇಜಲ್ಲಿ ಹೇಗೆ ತೊಳೀತಾರೆ?’ ಅಂತ ಕೇಳುತ್ತಾಳೆ, ಇವಳು ಹೇಳುತ್ತಾಳೆ, ಇಬ್ಬರೂ ನಗುತ್ತಾರೆ. ಆಮೇಲೆ ಇವಳು ಅವಳ ವಿದ್ಯಾರ್ಥಿನಿಯಾಗುತ್ತಾಳೆ. ಎಲ್ಲ ಇದ್ದವಳಿಗೆ ಇವಳೂ ಸಿಗಬೇಕೆ? ನನಗೆ ಜೀವಮಾನದಲ್ಲಿ ಸಿಕ್ಕ ಒಬ್ಬ ಹುಡುಗಿ! ಈ ಹುಡುಗಿಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು, ಇವಳನ್ನು ಪಡೆಯುವವಳ ಮೇಲೆ ಇನ್ನೂ ಹೆಚ್ಚು ಹೊಟ್ಟೆಕಿಚ್ಚಿತ್ತು. ಟ್ಯೂಬುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಹತ್ತಕ್ಕೆ ಒಂದು ಪಾಠ ಇತ್ತು, ಮಾಡಿದೆ. ಹನ್ನೆರಡೂ ಕಾಲಿಗೆ ಅಟೆಂಡರ್ ಸೈಕಲ್ ಹತ್ತಿ ಗೇಟು ದಾಟುವುದನ್ನು ಸ್ಟಾಫ್ ರೂಮಿನ ಕಿಟಕಿಯಿಂದ ನೋಡಿ ಟಿಫಿನ್ ಡಬ್ಬಿ ತೆರೆದೆ.

ಮುಂದಿನ ವಾರ ಅವಳನ್ನು ಕರೆದು, ಏನೋ ಈಗ ತಾನೇ ಹೊಳೆದವಳ ಹಾಗೆ ಹೇಳಿದೆ. “ನಿನ್ನ ತೊಳೆಯೋ ರೀತಿ ಇನ್ನೊಂದ್ಸಲ ನೋಡೋಣ ಅನ್ಸುತ್ತೆ. ಅದೇ ಸರಿ ಇರಬಹುದು. ರಜೆಯಲ್ಲಿ ಬರ್ತೀಯಾ?”

“ಬರ್ತೀನ್ರಿ ಮೇಡಂ,” ಅಂದಳು.

ಏಪ್ರಿಲ್, ಮೇ. ಕಾಲೇಜು ಖಾಲಿ. ಕಾರಿಡಾರಿನಲ್ಲಿ ನಮ್ಮಿಬ್ಬರ ಚಪ್ಪಲಿ ಸದ್ದು ಬಿಟ್ಟರೆ ಇನ್ನೇನಿಲ್ಲ. ಅವಳು ಬಿಟಿಎಂನಿಂದ ಬಸ್ಸು ಹಿಡಿದು ಒಂಬತ್ತಕ್ಕೆ ಬರುತ್ತಿದ್ದಳು. ಡ್ರಮ್ಮಿನ ಲೋಳೆ ಯಾವ ಬಕೆಟ್ಟಿಗೆ ಬೇಗ ಹಿಡಿಯುತ್ತದೆ, ಯಾವುದಕ್ಕೆ ನಿಧಾನ, ಬಿಸಿನೀರಿಗೆ ಬಿಡುತ್ತದೆಯೇ, ಹುಣಸೆಹಣ್ಣಿಗೆ ಬಿಡುತ್ತದೆಯೇ, ಎಲ್ಲ ನೋಡಿದೆವು. ಹುಣಸೆಹಣ್ಣು ಅವಳ ಅವ್ವನ ಸಲಹೆ. ಸ್ವಲ್ಪ ಬಿಡುತ್ತಿತ್ತು ಕೂಡ. ಮಧ್ಯಾಹ್ನ ಅವಳು ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚುತ್ತಿದ್ದಳು, ನಾನು ಚಿತ್ರಾನ್ನ. ನನ್ನ ಚಿತ್ರಾನ್ನ ಅವಳಿಗೆ ಸಪ್ಪೆ, ಅವಳ ಚಟ್ನಿಗೆ ನನ್ನ ಕಣ್ಣಲ್ಲಿ ನೀರು. ಅವಳ ಪ್ರಶ್ನೆಗಳಿಗೆ ಉತ್ತರ ಹುಡುಕಲು ನಾನು ಬನಶಂಕರಿಯ ಮನೆಯಲ್ಲಿ ಹಳೆಯ ಪುಸ್ತಕಗಳ ಧೂಳು ಕೊಡವಿದೆ. ಮನೆಯವರು, “ಏನ್ ಸಮಾಚಾರ, ಮತ್ತೆ ಪರೀಕ್ಷೆ ಕಟ್ಟಿದೀಯಾ?” ಅಂತ ರೇಗಿಸುತ್ತಿದ್ದರು. ನನ್ನ ಕೆಲಸದ ಜೀವನದಲ್ಲಿ ಅಷ್ಟು ಸುಖದ ಎರಡು ತಿಂಗಳು ಹಿಂದೆ ಇರಲಿಲ್ಲ, ಮುಂದೆ ಬರಲೂ ಇಲ್ಲ. ಅವಳೂ ಸುಖವಾಗಿದ್ದಾಳೆ ಅಂತಲೇ ನಂಬಿದ್ದೆ. ಮಾಡಿದ್ದು ಒಳ್ಳೆಯದೇ ಆಯಿತು ಅಂತ ಕೂಡ ಒಂದೊಂದು ದಿನ ಅನ್ನಿಸುತ್ತಿತ್ತು.

ರಜೆಯ ಕೊನೆಯ ದಿನ ಲ್ಯಾಬು ಒರೆಸಿ ಮುಗಿಸಿ, ಇಬ್ಬರೂ ಸ್ಟೂಲಿನ ಮೇಲೆ ಕೂತಿದ್ದೆವು. ಅವಳ ಅಪ್ಪನಿಗೆ ಹುಬ್ಬಳ್ಳಿಗೆ ವರ್ಗವಾಗಿತ್ತು. ಮುಂದೆ ಎಂ.ಎಸ್ಸಿ. ಓದಿಸುವುದು ಕಷ್ಟವೆಂದು ಮನೆಯಲ್ಲಿ ಮಾತಾಗಿತ್ತು, ಅಲ್ಲೇ ಒಂದು ಶಾಲೆಯಲ್ಲಿ ಕೆಲಸ ನೋಡಿದ್ದರು. ನನಗೆ ತಡೆಯಲಾಗಲಿಲ್ಲ. ಹೇಳಿಬಿಡೋಣ ಅನ್ನಿಸಿತು. “ಆ ಸಮ್ಮರ್ ಟ್ರೈನಿಂಗ್ ಲೆಟರ್ ವಿಷಯ...” ಅಂತ ಶುರುಮಾಡಿದೆ.

“ಗೊತ್ತೈತ್ರಿ ಮೇಡಂ,” ಅಂದಳು.

“ಏನು ಗೊತ್ತು?”

“ಆ ಶುಕ್ರವಾರ ಮುಂಜಾನೆ ನಾನೂ ಲಗೂನ ಬಂದಿದ್ದೆ, ನನ್ನ ಟ್ಯೂಬ್ ನೋಡಾಕ. ನೀವು ಒಳಗಿದ್ರಿ. ಕಿಟಕಿ ಕಡೆ ಟ್ಯೂಬ್ ಹಿಡದಿದ್ರಿ, ನೇರಳೆ ಬಳಿ ನನಗ ಬಾಗಲದಾಗಿಂದs ಕಾಣ್ತು.” ಅವಳು ನನ್ನ ಕಡೆ ನೋಡಲಿಲ್ಲ, ಮೇಜಿನ ಮೇಲೆ ಒಣಗುತ್ತಿದ್ದ ಬಟ್ಟೆಯ ಅಂಚನ್ನು ನೇರ ಮಾಡುತ್ತಿದ್ದಳು. “ಭಾಳ ಖುಷಿ ಆತ್ರಿ ನನಗ. ಈಗ ಮೇಡಂ ಕರೀತಾರ ಅಂತ ಕ್ಯಾಂಟೀನಿನ್ಯಾಗ ಹೋಗಿ ಕುಂತೆ. ಹನ್ನೆರಡೂವರಿ ತನಾ ಕುಂತಿದ್ದೆ.”

ನಲ್ಲಿಯಿಂದ ಹನಿ ಬೀಳುತ್ತಿತ್ತು. ಅವಳು ಎದ್ದು ಹೋಗಿ ಅದನ್ನು ಬಿಗಿಮಾಡಿ ಬಂದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಆದರೂ ಕೇಳಿದೆ, ಕೇಳದೆ ಇರಲಾಗಲಿಲ್ಲ.

“ಮತ್ತೆ ರಜೆಯೆಲ್ಲ ಯಾಕೆ ಬಂದೆ? ನನ್ನ ಮುಖ ನೋಡೋಕೆ ಮನಸ್ಸಾದ್ರೂ ಹೇಗೆ ಬಂತು ನಿನಗೆ?”

ಅವಳಲ್ಲಿ ಸಿಟ್ಟು ಇರಲಿಲ್ಲ. ಲ್ಯಾಬಿನಲ್ಲಿ ನನ್ನ ಪ್ರಶ್ನೆಗೆ ಉತ್ತರ ಹೇಳುವಾಗ ಇರುತ್ತಿದ್ದ ಅದೇ ದನಿ.

“ಕಲೀಬೇಕಿತ್ತಲ್ರಿ ಮೇಡಂ. ಮತ್ತ ಬ್ಯಾರೆ ಎಲ್ಲಿ ಹೋಗ್ಲಿ?”